ತವನಪ್ಪಜ್ಜನ ಗುರಿ ತಪ್ಪಿದ ವರ್ಷ

ನಮ್ಮೂರಿಗೆ ಹೊಸ ವರ್ಷ ತಾನಾಗಿ ಬರುವುದಿಲ್ಲ; ಅದನ್ನು ಹೊಡೆದು ತರಬೇಕು. ಊರಿನ ಈಚೆ ಗುಡ್ಡದ ನೆತ್ತಿಯಲ್ಲಿ ಒಂದು ಕಲ್ಲಿನ ಕಟ್ಟೆಯಿದೆ. ಆಚೆ ಗುಡ್ಡದ ಮೈಮೇಲೆ, ಬಂಡಿಯ ಗಾಲಿಯಷ್ಟು ಅಗಲದ ಒಂದು ಕಬ್ಬಿಣದ ಫಲಕವನ್ನು ಸರಪಳಿಯಿಂದ ತೂಗುಹಾಕಿದ್ದಾರೆ. ನಡುವೆ ಸಾವಿರ ಗಜದ ಕಣಿವೆ. ಹಳೆಯ ವರ್ಷದ ಕಡೆಯ ದಿನ ಕಳೆದ ಮೇಲೆ ಊರಿನ ಗುರಿಕಾರ ಕಟ್ಟೆಯ ಮೇಲೆ ಬೋರಲು ಮಲಗಿ ರೈಫಲ್ಲಿನಿಂದ ಆ ಫಲಕಕ್ಕೆ ಹೊಡೆಯುತ್ತಾನೆ. ಗುಂಡು ತಾಗಿದ ಠಣ್ ಎಂಬ ಸದ್ದು ಕಣಿವೆ ದಾಟಿ ಬಂದು ನಮಗೆ ಕೇಳಿಸಿತೆಂದರೆ ವರ್ಷ ಹೊರಳಿತು. ಕೇಳಿಸದಿದ್ದರೆ ಹಳೆಯದೇ ಮುಂದುವರಿಯುತ್ತದೆ.

ತವನಪ್ಪಜ್ಜ ಮೂವತ್ತು ವರ್ಷದಿಂದ ನಮ್ಮ ಗುರಿಕಾರ. ಜೈನರ ಮನೆಯವನು, ಇರುವೆಯನ್ನೂ ದಾಟಿಕೊಂಡು ನಡೆಯುವವನು. ಕಟ್ಟೆಯ ಮೇಲೆ ಚಾಪೆ ಹಾಸುವ ಮೊದಲು ನವಿಲುಗರಿಯ ಪೊರಕೆಯಿಂದ ಮೆಲ್ಲಗೆ ಗುಡಿಸಿ, ಅಲ್ಲಿದ್ದ ಹುಳಹುಪ್ಪಟೆಗೆಲ್ಲ ಬೇರೆ ದಾರಿ ತೋರಿಸಿ, ಆಮೇಲೆ ಮಲಗುತ್ತಿದ್ದ. ಕಬ್ಬಿಣದ ಹೊರತು ಇನ್ನಾವುದಕ್ಕೂ ಅವನು ಗುಂಡು ಹಾರಿಸಿದ್ದಿಲ್ಲ. ಆದರೆ ಆ ಒಂದಕ್ಕೆ ಹಾರಿಸಿದರೆ ಮೊದಲನೇ ತೋಟಾಕ್ಕೇ ಠಣ್ ಎನ್ನಬೇಕು. ಗುರಿಕಾರನಾಗುವ ಮೊದಲೇ ಅಜ್ಜನಿಗೆ ಕಿವಿ ಪೂರಾ ಮಂದವಾಗಿತ್ತು. ಊರವರು ಅವನ ಹತ್ತಿರ ಮಾತಾಡುವುದೆಂದರೆ ಕೂಗುವುದೇ. ಆ ರೈಫಲ್ಲನ್ನು ನೋಡಿಕೊಳ್ಳುವ ಕೆಲಸ ನಮ್ಮಪ್ಪನದಾಗಿತ್ತು, ಅಪ್ಪನ ನಂತರ ನನ್ನದು. ನನ್ನ ಹೆಸರು ಮೌನೇಶ. ಕುಲುಮೆ ಇದೆ, ಬಂದೂಕು, ಬೀಗ, ಬಾವಿಯ ಗಾಲಿ ಎಲ್ಲ ರಿಪೇರಿ ಮಾಡುತ್ತೇನೆ.

ಆ ಸಲ ಹೊಸ ವರ್ಷ ತರುವ ಬೆಳಿಗ್ಗೆ ನನ್ನ ಹೆಂಡತಿ ಇಂದ್ರವ್ವನಿಗೆ ಒಂಬತ್ತು ತಿಂಗಳು ತುಂಬಿತ್ತು. ವರ್ಷ ಹೊರಳಿದ ವಾರದೊಳಗೆ ಹೆರಿಗೆ ಎಂದು ಸೂಲಗಿತ್ತಿ ಹೇಳಿದ್ದಳು. ಅಜ್ಜ ಮಲಗಿದ, ಉಸಿರು ಅರ್ಧ ಬಿಟ್ಟು ಹಿಡಿದ, ಹೊಡೆದ. ನಾವೆಲ್ಲ ಬಾಯಿ ಸಿಹಿ ಮಾಡಿಕೊಳ್ಳಲು ಬೆಲ್ಲ ಕೈಯಲ್ಲಿ ಹಿಡಿದು ನಿಂತೆವು. ಬೆಲ್ಲ ಕೈಯಲ್ಲೇ ಕರಗಿತು, ಠಣ್ ಎನ್ನಲಿಲ್ಲ. ಆಚೆ ಗುಡ್ಡದಲ್ಲಿ ಫಲಕದ ಬದಿಯ ಗುಂಡಿಯೊಳಗೆ ಹುಸೇನಸಾಬ ಎಂಬವನು ಕೂತಿರುತ್ತಾನೆ. ಗುಂಡು ಎಲ್ಲಿ ಬಿತ್ತೆಂದು ಕೆಂಪು ಬಾವುಟ ಬೀಸಿ ತೋರಿಸುವುದು ಅವನ ಕೆಲಸ. ಅವನ ಬಾವುಟಕ್ಕೆ ಆ ಕೆಲಸ ಎಷ್ಟೋ ವರ್ಷದಿಂದ ಬಿದ್ದಿರಲಿಲ್ಲವಾಗಿ ಅದನ್ನು ಹುಡುಕುವುದಕ್ಕೇ ಸ್ವಲ್ಪ ಹೊತ್ತಾಯಿತು. ಮೊದಲನೆಯದು ಫಲಕದ ಕೆಳಗೆ. ಎರಡನೆಯದು ಇನ್ನೂ ಕೆಳಗೆ, ಬಲಕ್ಕೆ. ಮೂರನೆಯದು ಬಿದ್ದದ್ದು ತನಗೆ ತೀರ ಹತ್ತಿರ ಎಂದು ಅವನ ಬಾವುಟ ನಡುಗಿದ ರೀತಿಯಿಂದ ತಿಳಿಯಿತು. ದಿನಕ್ಕೆ ಮೂರೇ ತೋಟಾ, ಅದು ಪದ್ಧತಿ.

ಅಜ್ಜ ಎದ್ದು ಕೂತು, ಮದುವೆ ಮನೆಯಲ್ಲಿ ಜಗಳ ತೆಗೆದ ನೆಂಟನನ್ನು ನೋಡುವ ಹಾಗೆ ರೈಫಲ್ಲನ್ನು ನೋಡಿದ. "ಮೌನೇಶಾ, ಇದರ ಗಂಟಲು ಕೆಟ್ಟೈತಿ ನೋಡು. ದನಿ ಮೊದಲಿನಂಗ ಇಲ್ಲ" ಎಂದ. ಸುತ್ತ ನಿಂತವರ ಕಣ್ಣೆಲ್ಲ ಅಜ್ಜನನ್ನು ಬಿಟ್ಟು ನನ್ನ ಮೇಲೆ ಬಿತ್ತು.

ವರ್ಷ ನಿಂತಿತು. ಹಾಗೆಂದು ಸೂರ್ಯ ಹುಟ್ಟಲಿಲ್ಲವೆಂದಲ್ಲ. ಹಾಲು ಹೆಪ್ಪುಗಟ್ಟುತ್ತಿತ್ತು, ಗಡ್ಡ ಬೆಳೆಯುತ್ತಿತ್ತು. ವರ್ಷ ಹೊರಳಲೆಂದು ಕಾಯುವ ಸಂಗತಿಗಳು ಮಾತ್ರ ಕಾಯುತ್ತ ಕೂತವು. ಮಾವಿನ ಹೂವು ಹೂವಾಗಿಯೇ ಉಳಿಯಿತು. ಹಾಲುಹಲ್ಲು ಅಲ್ಲಾಡುತ್ತಿದ್ದ ಮಕ್ಕಳ ಹಲ್ಲು ಅಲ್ಲಾಡುತ್ತಲೇ ಇದ್ದವು, ಬೀಳಲಿಲ್ಲ. ಶಾಲೆಯಲ್ಲಿ ಮಾಸ್ತರು ಅದೇ ಪಾಠವನ್ನು ಮತ್ತೆ ಮೊದಲಿನಿಂದ ತೆಗೆದರು. ಮಕ್ಕಳು ಅವರಿಗಿಂತ ಮುಂದೆ ಮುಂದೆ ಹೇಳತೊಡಗಿದಾಗ ಮಾಸ್ತರು ಬೇಸತ್ತು ಕಡೆಯ ಬೆಂಚಿನಲ್ಲಿ ಹೋಗಿ ಕೂತರು. ಪುರಸಭೆಯ ಅಧ್ಯಕ್ಷ ನೀಲಕಂಠಪ್ಪನವರ ಅವಧಿ ಹೊಸ ವರ್ಷಕ್ಕೆ ಮುಗಿಯಬೇಕಾಗಿತ್ತು, ಅದೂ ಮುಗಿಯಲಿಲ್ಲ. ಅವರು ಬಹಳ ದುಃಖದಿಂದ ಕುರ್ಚಿಗೆ ಹೊಸ ಗಾದಿ ಹೊಲಿಸಿಕೊಂಡರು. ಇತ್ತ ನನ್ನ ಮನೆಯಲ್ಲಿ ಇಂದ್ರವ್ವನಿಗೆ ಹತ್ತನೇ ತಿಂಗಳೂ ಆಯಿತು, ಹನ್ನೊಂದನೆಯದೂ ಹತ್ತಿತು. ಅವಳು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಬೇಕಾದರೆ ನಾನೂ ಕೈಹಚ್ಚಬೇಕಾಗುತ್ತಿತ್ತು.

"ಒಂದು ಬಂದೂಕು ನೆಟ್ಟಗ ಮಾಡಾಕ ಬರಂಗಿಲ್ಲೇನ್ರಿ ನಿಮಗ?" ಎಂದು ಅವಳು ದಿನಾ ಕೇಳುತ್ತಿದ್ದಳು.

ನೆಟ್ಟಗೆ ಮಾಡಲು ಅದರಲ್ಲಿ ಸೊಟ್ಟ ಇರುವುದೇನು ಎಂದು ಮೊದಲು ಸಿಗಬೇಕಲ್ಲ. ಅಪ್ಪ ನನಗೆ ಕಲಿಸಿದ್ದು ಇಷ್ಟೇ: ಗುಂಡುಗಳೆಲ್ಲ ಒಂದೇ ತಪ್ಪು ಜಾಗದಲ್ಲಿ ಒಟ್ಟಾಗಿ ಬಿದ್ದರೆ ರೈಫಲ್ಲಿನ ಮೇಲೆ ಕೂಡಿಸಿದ ದುರ್ಬೀನು ತಿರುಗಿದೆ ಎಂದರ್ಥ, ಅದನ್ನು ಸರಿಸಿದರೆ ಮುಗಿಯಿತು. ಚೆಲ್ಲಾಪಿಲ್ಲಿ ಬಿದ್ದರೆ ಎಲ್ಲೋ ಏನೋ ಸಡಿಲವಾಗಿದೆ. ಇವು ಚೆಲ್ಲಾಪಿಲ್ಲಿ ಬಿದ್ದಿದ್ದವು. ಜೊತೆಗೆ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ದೇವರಿಗೂ ತಿಳಿಯುವುದಿಲ್ಲ. ದಿನಕ್ಕೆ ಮೂರೇ ತೋಟಾ ಇರುವ ಊರಿನಲ್ಲಿ ಇದು ಬಹಳ ನಿಧಾನದ ಕೆಲಸ.

ದುರ್ಬೀನಿನ ತಿರುಪುಗಳನ್ನು ನೋಡಿದೆ, ಬಿಗಿಯಾಗಿದ್ದವು. ನಳಿಗೆಯನ್ನು ಮರಕ್ಕೆ ಕೂಡಿಸುವ ತಿರುಪುಗಳಲ್ಲಿ ಒಂದು ಕೂದಲೆಳೆಯಷ್ಟು ಸಡಿಲಿತ್ತು. ಬಿಗಿ ಮಾಡಿ ಸಂಭ್ರಮದಿಂದ ಅಜ್ಜನ ಕೈಗೆ ಕೊಟ್ಟೆ. ಮೂರೂ ಕೆಳಗೆ ಬಿದ್ದವು. ಗಂಟಲು ಕೆಟ್ಟಿದೆ ಎಂದು ಅಜ್ಜ ಹೇಳಿದ್ದು ನನ್ನ ತಲೆಯಲ್ಲಿ ಕೂತಿತ್ತು. ನಳಿಗೆಯೊಳಗೆ ತಾಮ್ರದ ಕಿಟ್ಟ ಹತ್ತಿರಬೇಕೆಂದು ಬಟ್ಟೆ ಹಾಕಿ ತಿಕ್ಕಿದೆ. ಹಸಿರು ಬಣ್ಣ ಹೋಗಿ ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ತಿಕ್ಕಿದೆ. "ಈಗ ದನಿ ಹೆಂಗೈತ್ರಿ ಅಜ್ಜಾರ?" ಎಂದು ಅವನ ಕಿವಿಯ ಹತ್ತಿರ ಹೋಗಿ ಕೂಗಿದೆ. ಅಜ್ಜ ತಲೆ ಹಿಂದಕ್ಕೆ ಎಳೆದುಕೊಂಡು, "ಅಷ್ಟ ಐತಿ. ಎದಿ ಒಡಿದಂಗ ಆಗ್ತೈತಿ" ಎಂದ. ಮುಂದೆ ನಳಿಗೆಗೂ ಅದರ ಕೆಳಗಿನ ಮರಕ್ಕೂ ನಡುವೆ ಒಂದು ಕಾಗದದ ಚೂರು ತೂರಿಸಿ ಎಳೆದು ನೋಡಿದೆ. ಒಂದು ಕಡೆ ಕಾಗದ ಸಿಕ್ಕಿಕೊಂಡಿತು. ಮರ ಉಬ್ಬಿ ನಳಿಗೆಯನ್ನು ಒತ್ತುತ್ತಿದೆ, ಕಳ್ಳ ಸಿಕ್ಕ ಎಂದು ಮನೆಗೆ ಓಡಿಬಂದು ಇಂದ್ರವ್ವನಿಗೆ ಹೇಳಿದೆ. ಅವಳು ತೊಟ್ಟಿಲಿಗೆ ಮತ್ತೊಮ್ಮೆ ಹಾಸಿಗೆ ಹಾಸಿದಳು. ಮರ ಉಜ್ಜಿ, ಕಾಗದ ಸಲೀಸಾಗಿ ಹರಿಯುವ ಹಾಗೆ ಮಾಡಿ ಕೊಟ್ಟೆ. ಆ ಬೆಳಿಗ್ಗೆ ಹುಸೇನಸಾಬ ಬಾವುಟ ಬೀಸಲೂ ಇಲ್ಲ. ಗುಂಡಿಯಿಂದ ಎದ್ದು ಇನ್ನೂ ದೂರದ ಗುಂಡಿಗೆ ಓಡುವುದು ಕಾಣಿಸಿತು.

ನೀಲಕಂಠಪ್ಪನವರು ಸಭೆ ಕರೆದರು. "ಅವಸರ ಮಾಡೂದು ಬ್ಯಾಡ. ಇದನ್ನ ಕೂಲಂಕಷ ವಿಚಾರ ಮಾಡಾಕ ಒಂದು ಸಮಿತಿ ಮಾಡೂಣು. ಸಮಿತಿ ಮುಂದಿನ ವರ್ಷ ವರದಿ ಕೊಡಲಿ" ಎಂದರು. ಮುಂದಿನ ವರ್ಷವೇ ಬರುತ್ತಿಲ್ಲವಲ್ಲ ಎಂದು ಯಾರೋ ಹಿಂದಿನಿಂದ ಹೇಳಿದರು. ಅಧ್ಯಕ್ಷರು ಅದನ್ನೂ ಸಮಿತಿಯೇ ಪರಿಶೀಲಿಸಲಿ ಎಂದರು.

ನನಗೆ ಉಳಿದದ್ದು ಒಂದೇ ದಾರಿ. ಮರುದಿನ ನಾನೇ ಮರಳು ತುಂಬಿದ ಚೀಲಗಳ ಮೇಲೆ ರೈಫಲ್ಲನ್ನು ಇಟ್ಟು, ಗಾಳಿ ತಿಳಿಯಲೆಂದು ಕಣಿವೆಯುದ್ದಕ್ಕೂ ನೆಟ್ಟ ಬಾವುಟಗಳೆಲ್ಲ ಜೋತುಬೀಳುವುದನ್ನು ಕಾದು, ಫಲಕಕ್ಕೇ ಹೊಡೆದೆ. ಠಣ್ ಎಂದಿತು. ಮತ್ತೆ ಹೊಡೆದೆ, ಮತ್ತೆ ಠಣ್. ಮೂರನೆಯದಕ್ಕೂ ಠಣ್. ಕಣಿವೆಯಾಚೆಯಿಂದ ಬಂದ ಆ ಸದ್ದಿಗೆ ಇಡೀ ಊರು ಬಾಗಿಲು ತೆರೆದು ಹೊರಗೆ ಬಂತು. ಒಬ್ಬರಿಗೊಬ್ಬರು ಬೆಲ್ಲ ತಿನ್ನಿಸಿದರು, ಮಕ್ಕಳು ಹಲ್ಲಿಗೆ ಕೈ ಹಾಕಿ ನೋಡಿಕೊಂಡರು. ಹಲ್ಲು ಅಲ್ಲಾಡಿತು, ಬೀಳಲಿಲ್ಲ. ಗುರಿಕಾರನಲ್ಲದವನು ಹೊಡೆದದ್ದು ಎಂದು ತಿಳಿದ ಮೇಲೆ, ತಿಂದ ಬೆಲ್ಲದ ಸಿಟ್ಟನ್ನೂ ಸೇರಿಸಿ ನನ್ನನ್ನು ಬೈದರು. ಮನೆಗೆ ಬಂದರೆ ಇಂದ್ರವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

"ಹಂಗಾದ್ರ ಬಂದೂಕು ನೆಟ್ಟಗೈತಿ" ಎಂದಳು.

"ನೆಟ್ಟಗೈತಿ."

"ಅಂದ್ರ ಕೆಟ್ಟದ್ದು ಅಜ್ಜ."

"ಮೆಲ್ಲಗ ಮಾತಾಡು" ಎಂದೆ. ಕಷ್ಟವಿದ್ದದ್ದು ಅಲ್ಲೇ. ಹೊಸ ಗುರಿಕಾರನನ್ನು ಆರಿಸುವುದು ಹೊಸ ವರ್ಷದ ದಿನ ಮಾತ್ರ. ಹೊಸ ವರ್ಷ ಬರಬೇಕಾದರೆ ಹಳೆಯ ಗುರಿಕಾರ ಹೊಡೆಯಬೇಕು. ಅಜ್ಜನಿಗೆ ಬೇಜಾರಾಗಿ ಅವನು ರೈಫಲ್ ಕೆಳಗಿಟ್ಟನೆಂದರೆ ನಾವು ಇದೇ ವರ್ಷದಲ್ಲಿ ಉಪ್ಪಿನಕಾಯಿಯ ಹಾಗೆ ಕೂರಬೇಕಾಗಿತ್ತು.

ಆದರೂ ನೋಡಲೇಬೇಕಿತ್ತು. ಮದ್ದು ತುಂಬಿರದ ಒಂದು ತೋಟಾ ಮಾಡಿದೆ, ನೋಡಲು ಉಳಿದವುಗಳ ಹಾಗೆಯೇ ಇತ್ತು. ಬೆಳಿಗ್ಗೆ ಎರಡನೆಯದಾಗಿ ಅದನ್ನು ಅಜ್ಜನ ಕೈಗೆ ಕೊಟ್ಟೆ. ಇಂದ್ರವ್ವ ಅಂದು ಹಟ ಹಿಡಿದು ಚಕ್ಕಡಿಯಲ್ಲಿ ಗುಡ್ಡ ಹತ್ತಿ ಬಂದಿದ್ದಳು. ಅಜ್ಜ ಗುರಿ ಹಿಡಿದು ಟ್ರಿಗರ್ ಎಳೆದ. ಟಕ್ ಎಂದಿತು, ಅಷ್ಟೇ. ಗುಂಡು ಹಾರದ ಆ ರೈಫಲ್ಲಿನ ಮೂತಿ ಮಾತ್ರ ಎಮ್ಮೆ ನೀರಿಗೆ ಬಗ್ಗುವ ಹಾಗೆ ಮೊಳದಷ್ಟು ಕೆಳಗೆ ಬಗ್ಗಿತು. ಅಜ್ಜನ ಕಣ್ಣು ಬಿಗಿಯಾಗಿ ಮುಚ್ಚಿದ್ದವು, ಹೆಗಲು ಕಿವಿಯ ತನಕ ಬಂದಿತ್ತು. ಆಗದಿದ್ದ ಸದ್ದಿಗೆ ಅವನ ಇಡೀ ಮೈ ಬೆಚ್ಚಿತ್ತು. ಕಟ್ಟೆಯ ಸುತ್ತ ನಿಂತವರೆಲ್ಲ ಅದನ್ನು ಕಂಡರು.

ಅಜ್ಜ ಕಣ್ಣು ತೆರೆದು ಬಗ್ಗಿದ ರೈಫಲ್ಲನ್ನೂ ನನ್ನನ್ನೂ ನೋಡಿದ. "ನನಗ ಅಂಜಿಕಿ ಬಂದೈತಿ" ಎಂದು ತನಗೇ ಹೇಳಿಕೊಂಡು ಚಾಪೆ ಸುತ್ತಿದ. ಪೊರಕೆ ಬಗಲಿಗಿಟ್ಟುಕೊಂಡು ಗುಡ್ಡ ಇಳಿದು ಹೋದ. ಅವನ ಬೆನ್ನು ಹಾಗೆ ಬಾಗಿದ್ದನ್ನು ನಾನು ನೋಡಿರಲಿಲ್ಲ. ಮರುದಿನ ಅವನು ಬರಲಿಲ್ಲ, ಅದರ ಮರುದಿನವೂ. ಹೇಳಿಕಳಿಸಿದರೆ ಮನೆಯವರು ಅಜ್ಜ ಇನ್ನು ರೈಫಲ್ ಮುಟ್ಟುವುದಿಲ್ಲ ಎಂದರು. ನೀಲಕಂಠಪ್ಪನವರು ತಮ್ಮ ಕಚೇರಿಯ ಗೋಡೆಗೆ ಸುಣ್ಣ ಬಳಿಸತೊಡಗಿದರು.

"ನನ್ನ ಅಲ್ಲಿಗೆ ಕರಕೊಂಡು ನಡೀರಿ" ಎಂದಳು ಇಂದ್ರವ್ವ.

"ನೀ ಹೋಗಿ ಏನ್ ಮಾಡ್ತಿ?"

"ಮೊನ್ನೆ ಗುಡ್ಡದ ಮ್ಯಾಲ ನಾ ಚಕ್ಕಡಿಯೊಳಗ ಕೂತು, ಅಧ್ಯಕ್ಷರ ಹೊಟ್ಟಿ ನೋಡಿದ್ರ ಅವರದು ಹದಿಮೂರನೇ ತಿಂಗಳು ಕಾಣ್ತೈತಿ ಅಂತ ಮೆಲ್ಲಗ ಅಂದೆ. ನೀವು ನಗಲಿಲ್ಲ. ಚಾಪಿ ಹಾಸಾಕ ಹತ್ತಿದ್ದ ಅಜ್ಜ ನಕ್ಕ."

ನನಗೆ ನಂಬಿಕೆಯಾಗಲಿಲ್ಲ. ಆದರೂ ಕರೆದುಕೊಂಡು ಹೋದೆ. ಅಜ್ಜ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ, ರುಮಾಲು ಕಿವಿ ಮುಚ್ಚುವಂತೆ ಸುತ್ತಿಕೊಂಡಿದ್ದ. ಅವನ ಹೆಂಡತಿ ಪದ್ಮವ್ವಜ್ಜಿ ಎದುರಿಗೆ ಕೂತು ಮೊರದಲ್ಲಿ ಜೋಳ ಕೇರುತ್ತ, ಯಾರ ಹತ್ತಿರ ಎಂದಿಲ್ಲದೆ ಏನೋ ಮಾತಾಡುತ್ತಿದ್ದಳು. ನಮ್ಮನ್ನು ಕಂಡು ನಿಲ್ಲಿಸಿದಳು. ಇಂದ್ರವ್ವ ಕಂಬ ಹಿಡಿದುಕೊಂಡು ಹೇಗೋ ಕೂತಳು. ಅಜ್ಜನ ಕಡೆ ನೋಡದೆ, ಅಜ್ಜಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ, "ಅಜ್ಜಾರ ಧೋತರದ ನಿರಿಗಿಯೊಳಗ ಒಂದು ಚೇಳು ಹೊಂಟೈತಿ ನೋಡ್ರಿ ಅಮ್ಮಾ" ಎಂದಳು.

ಅಜ್ಜ ಕೂತಲ್ಲಿಂದ ಹಾರಿ ಅಂಗಳದಲ್ಲಿ ನಿಂತ. ಎರಡೂ ಕೈಯಲ್ಲಿ ಧೋತರ ಎತ್ತಿ ಹಿಡಿದು, ಚೇಳಿಗೆ ನೋವಾಗದ ಹಾಗೆ ಮೆತ್ತಗೆ ಜಾಡಿಸತೊಡಗಿದ. ಸ್ವಲ್ಪ ಹೊತ್ತು ಜಾಡಿಸಿದ ಮೇಲೆ ಯಾರೂ ಚೇಳು ಹುಡುಕುತ್ತಿಲ್ಲ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬುದು ಅವನ ಗಮನಕ್ಕೆ ಬಂತು. ಮೆಲ್ಲಗೆ ಧೋತರ ಬಿಟ್ಟ. ಆಮೇಲೆ ರುಮಾಲು ಸರಿಸಿ, ಕಿವಿಯೊಳಗಿಂದ ಕಡಲೆಬೀಜದಷ್ಟಿದ್ದ, ಕಿವಿ ಕೇಳಿಸುವ ಒಂದು ಯಂತ್ರ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದ. ತೋರಿಸಿ ಮತ್ತೆ ಕಿವಿಗೆ ಹಾಕಿಕೊಂಡ.

"ಮೊಮ್ಮಗಳು ಮಾತು ಕಲೀತಿದ್ಲು" ಎಂದ. "ಆಕಿ ಏನರೆ ಅಂದ್ರ ಎಲ್ಲಾರೂ ನಗ್ತಿದ್ರು. ನಾ ಒಬ್ಬಾಂವ ಅವರ ಮಾರಿ ನೋಡಿ ತಡಮಾಡಿ ನಗ್ತಿದ್ದೆ. ಹೋದ ಸಲ ಪ್ಯಾಟಿಗೆ ಹೋದಾಗ ತಗೊಂಡು ಬಂದೆ."

ನನಗೆ ಆಗ ಹೊಳೆಯಿತು. "ಅಜ್ಜಾರ, ಬಂದೂಕಿನ ಗಂಟಲು ಕೆಟ್ಟಿಲ್ರಿ. ಅದರ ದನಿ ಮೊದಲಿಂದ ಹಂಗ ಐತಿ. ನೀವು ಕೇಳಿದ್ದು ಈ ವರ್ಷ."

ಅಜ್ಜ ನನ್ನ ಕಡೆ ತಿರುಗಿದ. "ಮೂವತ್ತು ವರ್ಷ ಅಷ್ಟು ಸಪ್ಪಳ ಮಾಡ್ತಿತ್ತೇನು ಅದು? ಮತ್ತ ನೀವೆಲ್ಲಾ ಹೆಂಗ ತಡಕೊಂಡ್ರಿ?" ಎಂದ.

ಪದ್ಮವ್ವಜ್ಜಿ ಮೊರವನ್ನು ಕೆಳಗಿಟ್ಟಿದ್ದಳು. ಅವಳು ಅಷ್ಟು ವರ್ಷ ಕಿವುಡ ಗಂಡನ ಎದುರು ಕೂತು ಮನಸ್ಸಿಗೆ ಬಂದದ್ದನ್ನೆಲ್ಲ ಆಡಿದ್ದಳು. ಕೆಲವು ಹೆಂಗಸರು ದೇವರ ಎದುರು ಆಡುವ ಹಾಗೆ. ಈಗ ಯಂತ್ರ ಬಂದಾಗಿನಿಂದ ಆಡಿದ ಮಾತೆಲ್ಲ ಅವಳ ಮುಖದ ಮೇಲೆ ಹಿಂದಕ್ಕೆ ಓಡುವುದು ಕಾಣುತ್ತಿತ್ತು.

"ಹಂಗಾದ್ರ ಹುಣಸಿ ಗಿಡದ ಮಾತೂ ಕೇಳೀರಿ" ಎಂದಳು.

"ಕೇಳೇನಿ."

"ನಿಮ್ಮ ತಮ್ಮನ ಬಗ್ಗೆ ಅಂದದ್ದು?"

"ಅದೂ ಕೇಳೇನಿ. ಅದು ಖರೇ ಐತಿ ಬಿಡು."

"ನಾ ಮೊದಲನೇ ಸಲ ನಿಮ್ಮನ್ನ ನೋಡಿದ್ದು?"

ಅಜ್ಜ ಮುಖ ತಿರುಗಿಸಿ ಧೋತರ ಸರಿಮಾಡಿಕೊಂಡ. ಅವನ ಕಿವಿ ಕೆಂಪಾಯಿತು. ಅಜ್ಜಿ ಎದ್ದು ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. "ಇದಕ್ಕ ಹೇಳಲಿಲ್ಲ ನಾ" ಎಂದ ಅಜ್ಜ, ನಮ್ಮಿಬ್ಬರಿಗೆ. "ಗೊತ್ತಾದ್ರ ಆಕಿ ಮಾತು ನಿಲ್ಲಿಸ್ತಾಳ ಅಂತ."

ಅಜ್ಜಿ ನಿಲ್ಲಿಸಿಯೇ ಬಿಟ್ಟಳು. ರೊಟ್ಟಿ ಹಾಕುವುದು, ನೀರು ಇಡುವುದು ಎಲ್ಲ ನಡೆಯಿತು, ಮಾತು ಮಾತ್ರ ಇಲ್ಲ. ರೋಗ ಸಿಕ್ಕಿತಲ್ಲ, ಇನ್ನು ಯಂತ್ರ ತೆಗೆದಿಟ್ಟು ಕಿವಿಗೆ ಹತ್ತಿ ತುರುಕಿದರೆ ಆಯಿತು ಎಂದು ನಾನು ಹಗುರಾಗಿದ್ದೆ. ಆಗಲಿಲ್ಲ. ಕಿವಿ ಮರೆತರೂ ಹೆಗಲು ಮರೆತಿರಲಿಲ್ಲ. ಪಡಸಾಲೆಯಲ್ಲೇ ಅಜ್ಜನನ್ನು ಮಲಗಿಸಿ, ಖಾಲಿ ರೈಫಲ್ಲಿನ ನಳಿಗೆಯ ತುದಿಗೆ ಹಳೆಯ ಐದು ಪೈಸೆಯ ಚೌಕ ನಾಣ್ಯ ಇಟ್ಟು ಟ್ರಿಗರ್ ಎಳೆಸಿದೆ. ನಾಣ್ಯ ಬೀಳದಿದ್ದರೆ ಕೈ ಸ್ಥಿರವಾಗಿದೆ ಎಂದು ಲೆಕ್ಕ. ಪ್ರತಿ ಸಲ ಬಿತ್ತು. ಅಜ್ಜನ ಕಣ್ಣು ಗುರಿಗಿಂತ ಹೆಚ್ಚು ಅಡುಗೆಮನೆಯ ಬಾಗಿಲ ಕಡೆಗಿತ್ತು.

ಕೆಲವು ದಿನ ಹೀಗೆ ಕಳೆದ ಮೇಲೆ ಅಜ್ಜಿ ಬಾಗಿಲಿಗೆ ಬಂದು ನಿಂತಳು. "ಯಂತ್ರ ಕಿವಿಯೊಳಗ ಐತೇನು?" ಎಂದು ನನ್ನನ್ನು ಕೇಳಿದಳು. ಇಲ್ಲ, ನನ್ನ ಕಿಸೆಯಲ್ಲಿದೆ ಎಂದೆ. ತೆಗೆದು ತೋರಿಸು ಎಂದಳು. ತೋರಿಸಿದೆ. ಆಗ ಬಂದು ಅಜ್ಜನ ಪಕ್ಕದಲ್ಲಿ, ಮೊಣಕಾಲು ಅವನ ತೋಳಿಗೆ ತಾಗುವಷ್ಟು ಹತ್ತಿರ ಕೂತಳು. ಕೂತು, ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಎಂಬಂತೆ ಮಾತು ಶುರುಮಾಡಿದಳು. ಅಜ್ಜನಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಆದರೆ ಅವಳು ಮಾತಾಡುತ್ತಿದ್ದಾಳೆಂದು ತಿಳಿಯುತ್ತಿತ್ತು. ಅವನ ಹೆಗಲು ಮೆಲ್ಲಗೆ ಕೆಳಗಿಳಿಯಿತು. ಟಕ್ ಎಂದಿತು. ನಾಣ್ಯ ಇದ್ದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅಜ್ಜಿಯೂ ಗುಡ್ಡ ಹತ್ತಿದಳು. ಕಟ್ಟೆಗೆ ಕಾಲಿಡುವಾಗ ನೀಲಕಂಠಪ್ಪನವರು ಅಡ್ಡ ಬಂದರು. "ಹೆಣ್ಣುಮಕ್ಕಳು ಕಟ್ಟಿ ಹತ್ತೂದು ನಮ್ಮ ಪದ್ಧತಿಯೊಳಗ ಇಲ್ಲ" ಎಂದರು.

"ಹನ್ನೊಂದು ತಿಂಗಳು ಹೊರೂದು ಯಾವ ಪದ್ಧತಿಯೊಳಗ ಐತ್ರಿ?" ಎಂದು ಚಕ್ಕಡಿಯೊಳಗಿಂದ ಇಂದ್ರವ್ವ ಕೇಳಿದಳು. ಅಧ್ಯಕ್ಷರು ಅವಳ ಹೊಟ್ಟೆ ನೋಡಿದರು, ಸುತ್ತ ನೆರೆದ ಊರನ್ನು ನೋಡಿದರು, ಹಿಂದೆ ಸರಿದರು.

ಅಜ್ಜ ಪೊರಕೆಯಿಂದ ಗುಡಿಸಿದ. ಹೆಂಡತಿ ಕೂರುವ ಜಾಗವನ್ನೂ ಗುಡಿಸಿದ. ಮಲಗಿದ. ನಾನು ಇನ್ನೊಂದು ಬದಿಯಲ್ಲಿ ಬೇರೊಂದು ದುರ್ಬೀನು ಹಿಡಿದು ಕಣಿವೆ ನೋಡಿದೆ. ಹತ್ತಿರದ ಬಾವುಟಗಳು ಜೋತುಬಿದ್ದಿದ್ದವು, ಆದರೆ ದೂರದಲ್ಲಿ ಬಿಸಿಲ ಝಳ ಎಡಕ್ಕೆ ಓರೆಯಾಗಿ ಹರಿಯುತ್ತಿತ್ತು, ಅಲ್ಲಿ ಗಾಳಿಯಿತ್ತು. ಅಜ್ಜನ ತೋಳಿಗೆ ಎರಡು ಸಲ ತಟ್ಟಿದೆ. ಅವನು ರೈಫಲ್ಲಿನ ದುರ್ಬೀನಿನ ತಿರುಗಣಿಯನ್ನು ಎರಡು ಹಲ್ಲು ಬಲಕ್ಕೆ ತಿರುಗಿಸಿದ. ಪದ್ಮವ್ವಜ್ಜಿ ಮಾತಾಡುತ್ತಿದ್ದಳು, ನನಗೆ ಎಲ್ಲವೂ ಕೇಳಿಸುತ್ತಿತ್ತು. ರೈಫಲ್ ಗುಡುಗಿತು. ಅಜ್ಜನ ಕಣ್ಣು ತೆರೆದೇ ಇತ್ತು. ಅಜ್ಜಿ ಮಾತು ನಿಲ್ಲಿಸಲಿಲ್ಲ. ಅವಳ ಮಾತಿನ ನಡುವೆಯೇ ಎಲ್ಲೋ ಆಚೆಯಿಂದ ಠಣ್ ಎಂದಿತು.

ಗುಡ್ಡದ ಮಾವಿನ ಮರ ಒಮ್ಮೆಲೇ ಹೂವುದುರಿಸಿತು. ನನ್ನ ಪಕ್ಕದಲ್ಲಿದ್ದ ಒಂದು ಮಗು ಬಾಯಿಂದ ಹಲ್ಲು ತೆಗೆದು ಎಲ್ಲರಿಗೂ ತೋರಿಸತೊಡಗಿತು. ನೀಲಕಂಠಪ್ಪನವರ ಹಿಂದೆ ಇದ್ದ ಕುರ್ಚಿಯನ್ನು ಯಾರೋ ಆಗಲೇ ಎತ್ತಿಕೊಂಡಿದ್ದರು. ಅವರು ಕೂರಲು ಹೋಗಿ ನೆಲಕ್ಕೆ ಕೂತರು. ಆಚೆ ಗುಡ್ಡದಲ್ಲಿ ಹುಸೇನಸಾಬ ಗುಂಡಿಯಿಂದ ಮೇಲೆ ಬಂದು ಬಾವುಟವನ್ನು ಹೆಗಲಿಗೆ ಹಾಕಿಕೊಂಡು ಕುಣಿಯುತ್ತಿದ್ದ. ಚಕ್ಕಡಿಯಿಂದ ಇಂದ್ರವ್ವ, "ರೀ, ಬರ್ರಿ ಲಗೂನ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನಾನು ಎಲ್ಲ ಬಿಟ್ಟು ಓಡಿದೆ. ಮನೆಗೆ ಹೋಗುವಷ್ಟು ಸಮಯ ಸಿಗಲಿಲ್ಲ. ಕಟ್ಟೆಯ ಹಿಂದೆ ತೋಟಾ ಇಡುವ ಕೋಣೆಯಲ್ಲಿ ಸೂಲಗಿತ್ತಿ ಮತ್ತು ಪದ್ಮವ್ವಜ್ಜಿ ಸೇರಿ ಹೆರಿಗೆ ಮಾಡಿಸಿದರು. ಹೆಣ್ಣುಮಗು. ಭುಜಕ್ಕೆ ಬರುವಷ್ಟು ಕೂದಲಿತ್ತು. ಬಸ್ಸಿಗೆ ಬಹಳ ಹೊತ್ತು ಕಾದು ಕಡೆಗೂ ಸೀಟು ಸಿಕ್ಕವರ ಹಾಗೆ ನಮ್ಮನ್ನೆಲ್ಲ ನೋಡಿತು, ಆಮೇಲೆ ಅತ್ತಿತು.

ಅಜ್ಜ ಮಗುವನ್ನು ನೋಡಲು ಬಂದಾಗ ಯಂತ್ರವನ್ನು ನನ್ನಿಂದ ಕೇಳಿ ತೆಗೆದುಕೊಂಡು ಕಿವಿಗೆ ಹಾಕಿಕೊಂಡ. ಮಗುವಿನ ಅಳು ಕೇಳಿ ತಲೆಯಾಡಿಸಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಮೌನೇಶಾ, ನಾ ಹೊಡಿಯೂವಾಗ ಆಕಿ ಏನಂದ್ಲು?" ಎಂದು ಕೇಳಿದ. ನಾನು ಬಾಗಿಲ ಕಡೆ ನೋಡಿದೆ. ಪದ್ಮವ್ವಜ್ಜಿ ಅಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಗಾಳಿ ಬಗ್ಗೆ ಏನೋ ಅಂದ್ರು ರೀ" ಎಂದೆ.

"ಗಾಳಿ ಬಗ್ಗೆ" ಎಂದ ಅಜ್ಜ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ.

ಈಗ ಅವರ ಮನೆಯ ಮುಂದೆ ಸಂಜೆ ಹೊತ್ತು ಹಾಯ್ದುಹೋದರೆ ಇಬ್ಬರೂ ಜಗಲಿಯ ಮೇಲೆ ಕೂತಿರುವುದು ಕಾಣುತ್ತದೆ. ಅಜ್ಜಿ ಮೊದಲು ಕೈ ಚಾಚುತ್ತಾಳೆ. ಅಜ್ಜ ಯಂತ್ರ ಬಿಚ್ಚಿ ಅವಳ ಕೈಗೆ ಕೊಡುತ್ತಾನೆ. ಅವಳು ಅದನ್ನು ಸೊಂಟದ ಚೀಲಕ್ಕೆ ಹಾಕಿ ದಾರ ಎಳೆದು, ಮಾತಾಡಲು ಶುರುಮಾಡುತ್ತಾಳೆ. ಅಜ್ಜ ಆ ಕಿವಿಯನ್ನೇ ಅವಳ ಕಡೆಗೆ ಒಡ್ಡಿ, ತಲೆಯಾಡಿಸಬಾರದ ಜಾಗದಲ್ಲೆಲ್ಲ ತಲೆಯಾಡಿಸುತ್ತ, ಕತ್ತಲಾಗುವ ತನಕ ಕೂತಿರುತ್ತಾನೆ.